ಹಿಟ್ಟಿನ ಕೈ

ಗಂಗಾಬಾಯಿ ಹಾಯಿದೋಣಿಯ ಇಕ್ಕಟ್ಟಾದ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತದ್ದೇ ತಡ, ಅವಳ ಗಂಡ, ವೆಲ್ಡರ್ ಅಂಬಾದಾಸ, ಹೊರಗಿನಿಂದ ದೋಣಿಗೆ ಹೆಗಲು ಕೊಟ್ಟು ಜೋರಾಗಿ ನೂಕಿದ. ನಾಚಾರಂನ ಅವನ ವೆಲ್ಡಿಂಗ್ ಶೆಡ್ಡಿನಲ್ಲಿ ಟ್ರೇಲರ್ ಮೇಲೆ ಕೂತಿದ್ದ ಪುಟ್ಟ ದೋಣಿ ಒಂದು ಬದಿಗೆ ವಾಲಿ ಮತ್ತೆ ನೆಟ್ಟಗಾಯಿತು.

"ಅಯ್ಯಯ್ಯ! ನಿಮಗೇನ್ ದೆವ್ವ ಬಡದೈತೇನ್ರಿ? ರೊಟ್ಟಿ ಬಡಿಯಾಕತ್ತಿದ್ದಾಕಿನ್ನ, ಒಲಿ ನೋಡು ಬಾ ಅಂತ ಹಿಟ್ಟಿನ ಕೈಲೇ ಕರದು ಕೆಡವತೀರೇನು?"

ದೋಣಿ ಓಲಾಡಿದಾಗ ಅಡುಗೆ ಮಾಡುವವರು ಒಲೆಯ ಮೇಲೆ ಬೀಳದಂತೆ ಒಂದು ಸ್ಟೀಲ್ ಹಿಡಿ ಕೂರಿಸಬೇಕಿತ್ತು. ದೋಣಿಯ ಒಡತಿ, ಸಾಫ್ಟ್‌ವೇರ್ ಕಂಪನಿಯ ಶ್ರೀವಿದ್ಯಾ, ಬೆಳಗಿನಿಂದ ಲ್ಯಾಪ್‌ಟಾಪ್ ನೋಡಿ ಅಳತೆ ಹೇಳುತ್ತಲೇ ಇದ್ದಳು, ಬದಲಿಸುತ್ತಲೇ ಇದ್ದಳು. ಪಾಲಿಶ್ ಆದ ತೇಗದ ಹಲಗೆಗೆ ತಪ್ಪು ತೂತು ಬಿದ್ದರೆ ಮುಚ್ಚುವಂತಿಲ್ಲ. ಆಯತಪ್ಪಿದ ಕೈ ಎಲ್ಲಿಗೆ ಹೋಗುತ್ತದೆಂದು ಆ ಕೈಯನ್ನೇ ಕೇಳಬೇಕು ಎಂದು ಅಂಬಾದಾಸನಿಗೆ ಹೊಳೆದದ್ದು ಆಗ.

ಓಡಿ ಹತ್ತಿ ನೋಡಿದ. ಒಲೆಯ ಎಡಕ್ಕೆ, ಲ್ಯಾಪ್‌ಟಾಪ್ ಹೇಳಿದ್ದಕ್ಕಿಂತ ಒಂದು ಗೇಣು ಕೆಳಗೆ, ಹಲಗೆಯ ಮೇಲೆ ಜೋಳದ ಹಿಟ್ಟಿನ ಐದು ಬೆರಳು ಬೆಳ್ಳಗೆ ಮೂಡಿದ್ದವು.

"ಮೇಡಂ, ಇಲ್ಲೇ ಐತ್ರಿ ನಿಮ್ಮ ಅಳತಿ!"

ಶ್ರೀವಿದ್ಯಾ ನಗುತ್ತಾ ಲ್ಯಾಪ್‌ಟಾಪ್ ಮಡಚಿದಳು. ಡ್ರಿಲ್ ಗಿರ್ರೆಂದಿತು. ನಾಲ್ಕು ಸ್ಕ್ರೂ ಬಿಗಿದು ಅಂಬಾದಾಸ ಹಿಂದೆ ಸರಿದ.

ಮುಖ ಊದಿಸಿಕೊಂಡೇ ಗಂಗಾಬಾಯಿ ಹಿಡಿಯನ್ನು ಒಮ್ಮೆ ಜಗ್ಗಿ ನೋಡಿದಳು. ಇನ್ನೊಮ್ಮೆ ಜಗ್ಗಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಡಿಯನ್ನು ಬಿಗಿಯಾಗಿ ಹಿಡಿದು, ಕಾಲಗಲಿಸಿ ನಿಂತಳು.

"ಹೂಂ, ಈಗ ನೂಕ್ರಿ ನೋಡೋಣು," ಎಂದಳು. "ಮೇಡಂ, ನೀವೂ ಕೈ ಹಚ್ರಿ!"