ಹಳ್ಳದಾಚೆಯ ದೇಶ

ಪ್ರತಿ ಅಮಾವಾಸ್ಯೆಗೆ ನಮ್ಮೂರ ಹಳ್ಳದ ಆಚೆ ಬೇರೊಂದು ದೇಶ ಬಂದು ನಿಲ್ಲುತ್ತದೆ. ಹೋದ ತಿಂಗಳು ಹಾಲೆಂಡ್ ಇತ್ತು: ತಗ್ಗು ನೆಲ, ಒತ್ತೊತ್ತಾಗಿ ಮನೆ, ಹೂವಿನದೇ ವ್ಯಾಪಾರ. ಅದಕ್ಕೂ ಮುಂಚೆ ಬೊಲಿವಿಯಾ. ಅದರ ಬೆಟ್ಟಗಳ ನೆರಳಿಗೆ ನಮ್ಮ ಹಪ್ಪಳ ಒಣಗಲೇ ಇಲ್ಲ.

ಇವತ್ತು ಬೆಳಿಗ್ಗೆ ಕಸ ಚೆಲ್ಲಲು ಹೋದವಳು ಬುಟ್ಟಿ ಕೈಬಿಟ್ಟು ನಿಂತೆ. ಆಚೆ ದಂಡೆಯಲ್ಲಿ ಬರೀ ಹುಲ್ಲು, ಒಂದೂ ಮರವಿಲ್ಲ, ಜನರಿಗಿಂತ ಕುರಿ ಕುದುರೆಗಳೇ ಹೆಚ್ಚು. ಮಂಗೋಲಿಯಾ!

ಎರಡು ವರ್ಷದ ಹಿಂದೆ ಅಲ್ಲಿಯವರು ಒಣಮೊಸರು ತುಂಬಿ ಕೊಟ್ಟಿದ್ದ ಡಬ್ಬಿಯನ್ನು ಖಾಲಿ ಮರಳಿಸಬಾರದೆಂದು, ಅವ್ವ ಶೇಂಗಾ ಹೋಳಿಗೆ ತುಂಬಿಕೊಂಡು ಕೊನೆಯ ದಿನ ಹೋಗಿದ್ದಳು. ಮಾತಿಗೆ ಕೂತಳು. ದೇಶ ಸರಿದೇ ಹೋಯಿತು.

ಈಗ ಸೀರೆಯ ಮೇಲೊಂದು ಉಣ್ಣೆಯ ಕೋಟು ಹಾಕಿಕೊಂಡು ಹಳ್ಳ ದಾಟಿ ಬರುತ್ತಿದ್ದಳು. ಓಡಿಹೋಗಿ ತಬ್ಬಿಕೊಂಡೆ. ಎದೆಗೆ ಏನೋ ಗಟ್ಟಿಯಾಗಿ ಒತ್ತಿತು. ಅದೇ ಡಬ್ಬಿ.

“ಮತ್ತ ತುಂಬಿ ಕೊಟ್ಟಾರ ನೋಡವಾ,” ಎಂದಳು. “ಹೋಳಿಗಿ ಮಾಡು, ಸಂಜಿಕ್ಕ ಕೊಟ್ಟು ಬರತೇನಿ.”

ಅಳುತ್ತಲೇ ನಕ್ಕೆ. ಹೋಳಿಗೆಯನ್ನೂ ಮಾಡಿದೆ. ಮುಂದಿನ ಅಮಾವಾಸ್ಯೆಗೆ ಇನ್ನೂ ತಿಂಗಳಿತ್ತು. ಆದರೂ ಸಂಜೆ ಅವ್ವನ ಸೆರಗಿಗೆ ನನ್ನ ಸೆರಗನ್ನು ಗಂಟು ಹಾಕಿಕೊಂಡೇ ಹಳ್ಳಕ್ಕಿಳಿದೆ.