ಕರೆಗೆ ಮೊದಲ ಸ್ಥಾನ

"ಅಣ್ಣಾ! ಹುಷಾರಾಗಿದೀಯಾ ತಾನೆ?" ಫೋನೆತ್ತಿದ ತಂಗಿ ಗಾಬರಿಯಿಂದ ಕೇಳಿದಳು.

"ನನಗೇನಾಗಿದೆ? ಆಫೀಸಿನ ನೆಟ್‌ವರ್ಕ್ ಸ್ವಿಚ್‌ನಲ್ಲಿ ಫೋನ್ ಕರೆಗಳಿಗೆ ಮೊದಲ ಆದ್ಯತೆ ಕೊಟ್ಟು, ಫೈಲುಗಳ ವೇಗಕ್ಕೆ ಮಿತಿ ಹಾಕಿದೀನಿ. ಈಗ ಮಾತು ಕಟ್ ಆಗುತ್ತಾ ನೋಡ್ಬೇಕು. ಸುಮ್ನೆ ಏನಾದ್ರೂ ಹೇಳ್ತಾ ಇರು," ಎಂದ ನೆಟ್‌ವರ್ಕ್ ಎಂಜಿನಿಯರ್. ಅಂದು ರಜೆ. ಇಡೀ ಕಟ್ಟಡದಲ್ಲಿ ಅವನೊಬ್ಬನೇ ಇದ್ದ. ಪರೀಕ್ಷೆಗೆಂದು ಯಾರಿಗೆ ಕರೆ ಮಾಡಲಿ ಎಂದು ಬಹಳ ಹೊತ್ತು ಯೋಚಿಸಿದರೂ ಬೇರೆ ಯಾರೂ ಹೊಳೆದಿರಲಿಲ್ಲ.

ತಂಗಿ ನಕ್ಕಳು. "ಏನು ಹೇಳಲಿ? ಕುಕ್ಕರ್ ಕೂಗ್ತಿಲ್ಲ ಅಂತ ನಮ್ಮ ಯಜಮಾನ್ರು ಬಿಚ್ಚಿ ಹಾಕಿದಾರೆ. ಈಗ ಜೋಡಿಸೋಕೆ ಬರದೆ ಮುಖ ಊದಿಸ್ಕೊಂಡು ಕೂತಿದಾರೆ." ಹಿಂದಿನಿಂದ ಅವಳ ಗಂಡ ಗೊಣಗಿದ್ದೂ ಕೇಳಿಸಿತು. ಇತ್ತ ಎಂಜಿನಿಯರ್ ಲೈನ್ ತುಂಬಿಸಲೆಂದು ದೊಡ್ಡ ದೊಡ್ಡ ಫೈಲುಗಳನ್ನು ಒಟ್ಟಿಗೆ ಕಳಿಸತೊಡಗಿದ. ಸ್ವಿಚ್‌ನ ದೀಪಗಳು ಪಟಪಟನೆ ಮಿನುಗಿದವು. ಫೈಲುಗಳೆಲ್ಲ ಸರದಿಯಲ್ಲಿ ನಿಂತವು. ತಂಗಿಯ ದನಿ ಮಾತ್ರ ಎಲ್ಲೂ ತುಂಡಾಗಲಿಲ್ಲ. ಪಕ್ಕದ ಕುರ್ಚಿಯಲ್ಲೇ ಕೂತು ಮಾತಾಡುತ್ತಿದ್ದಂತಿತ್ತು.

"ಈಗ ಸರಿಯಾಗಿ ಕೇಳಿಸ್ತಿದೆಯಾ? ಆಯ್ತಾ ನಿನ್ನ ಕೆಲಸ?"

ಅವನು ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಇಲ್ಲ ಕಣೇ," ಎಂದ, "ಇನ್ನೂ ಸ್ವಲ್ಪ ಕಟ್ ಆಗ್ತಾ ಇದೆ."