ಕುಲಪತಿಗಳ ಉಸಿರು

ಸೋಂಕು ತಗುಲಿದವರ ಉಸಿರು ಹಳದಿಯಾಗಿ ಕಾಣತೊಡಗಿ ಆರು ವರ್ಷವಾಗಿತ್ತು. ವಿಶ್ವವಿದ್ಯಾಲಯದ ಗೇಟಿನಲ್ಲಿ ಎಲ್ಲರ ಉಸಿರು ನೋಡಿ ಒಳಗೆ ಬಿಡುವುದು ದ್ಯಾಮವ್ವನ ಕೆಲಸ. ಹಳದಿ ಕಂಡರೆ, ಪರೀಕ್ಷೆಯಿದ್ದರೂ ವಾಪಸ್ಸು. ಆ ಆದೇಶಕ್ಕೆ ಸಹಿ ಹಾಕಿದವರು ಕುಲಪತಿ ಹಂಚಿನಾಳರೇ.

ಘಟಿಕೋತ್ಸವದ ಬೆಳಿಗ್ಗೆ ಅವರ ಕಾರು ಬಂತು. ಹಿಂದಿನ ಸೀಟಿನಲ್ಲಿ ಜರಿಯಂಚಿನ ಗೌನು ತೊಟ್ಟು, ಬಾಯಿ ಬಿಗಿದು ಕೂತಿದ್ದರು.

"ಉಸಿರು ಬಿಡ್ರಿ ಸರ್," ಎಂದಳು ದ್ಯಾಮವ್ವ.

ಅವರು ಬಿಡಲಿಲ್ಲ. ಗೇಟು ತೆಗೆಯುವಂತೆ ಕೈಸನ್ನೆ ಮಾಡಿದರು. ಇಷ್ಟು ಓದಿದವರು ಎಷ್ಟು ಹೊತ್ತು ಉಸಿರು ಹಿಡಿದಾರು ಎಂದು ದ್ಯಾಮವ್ವ ಸುಮ್ಮನೆ ನಿಂತಳು. ಮುಖ ಬದನೆಕಾಯಿಯಂತಾದ ಮೇಲೆ ಬುಸ್ಸೆಂದು ಬಿಟ್ಟರು. ಕಾರಿನೊಳಗೆಲ್ಲ ಅರಿಸಿನ ಎರಚಿದಂತಾಯಿತು.

"ಬರೀ ನೆಗಡಿ. ಭಾಷಣ ಮುಗಿಸಿ ಹೋಗ್ತೀನಿ."

ಅಷ್ಟರಲ್ಲಿ ಚಾಲಕ ಮೌಲಾಸಾಬ ಕೆಮ್ಮಿದ. ಅವನ ಉಸಿರೂ ಹಳದಿ.

"ಮೂರು ದಿನದಿಂದ ಸಾಹೇಬ್ರ ಜೋಡಿ ಇದೇ ಕಾರಿನ್ಯಾಗ ಅದೀನಿ," ಎಂದ. "ಮನ್ಯಾಗ ಹಸುಗೂಸು ಐತಿ."

ಕುಲಪತಿಗಳು ತಟ್ಟನೆ ಮೂಗಿಗೆ ಕರವಸ್ತ್ರ ಹಿಡಿದರು. "ರೋಗ ಹಚ್ಚಿಕೊಂಡು ನನ್ನ ಕಾರು ಓಡಿಸ್ತೀಯಾ?"

ದ್ಯಾಮವ್ವ ಮೌಲಾಸಾಬನನ್ನು ಗೇಟಿನ ಬಳಿ ನಿಂತಿದ್ದ ಆಂಬುಲೆನ್ಸ್ ಹತ್ತಿಸಿ, ಕಾರಿನ ಕೀಲಿಯನ್ನು ಕುಲಪತಿಗಳ ಮಡಿಲಿಗೆ ಎಸೆದಳು.

"ಮನೀಗೆ ನೀವೇ ಓಡಿಸ್ಕೊಂಡು ಹೋಗ್ರಿ. ಓಡಿಸಾಕ ಬರ್ತೈತೋ ಇಲ್ಲೋ?"

ಬರುತ್ತಿರಲಿಲ್ಲ. ಪದವಿ ಪಡೆಯಲು ಬಂದವರೆಲ್ಲ ನೋಡುತ್ತಿದ್ದಂತೆ ಅವರು ಗೌನು ಎತ್ತಿ ಹಿಡಿದು ಮನೆಯ ಕಡೆ ನಡೆದರು.